ಸೈಕಲ್ ಬಾರದವಳು ಬೇಕಾಗಿತ್ತು

ಜೀಡಿಮೆಟ್ಲಾದ ಆ ಸೈಕಲ್ ಕಾರ್ಖಾನೆಯಲ್ಲಿ ನೂರಾ ಎಂಬತ್ತು ಮಂದಿ ಕೆಲಸಕ್ಕಿದ್ದರು. ಅಷ್ಟು ಜನರಲ್ಲಿ ಸೈಕಲ್ ಬಾರದವಳು ನಮ್ಮ ಶಾಮಲಾ ಮೌಶಿ ಒಬ್ಬಳೇ. ಅವಳು ನನ್ನ ಅವ್ವನ ತಂಗಿ. ರಾಯಚೂರಿನಲ್ಲಿ ಪಿಯುಸಿ ಮುಗಿಸಿ, ಮದುವೆಯಾಗಿ ಹೈದರಾಬಾದಿಗೆ ಬಂದವಳು. ಏಳು ವರ್ಷಗಳಿಂದ ಕಾರ್ಖಾನೆಯ ಸ್ಟೋರಿನ ಕಿಟಕಿಯ ಹಿಂದೆ ಕೂತು ನಟ್ಟು, ಬೋಲ್ಟು, ಸ್ಪೋಕು, ಬೇರಿಂಗಿನ ಗುಂಡು ಕೊಡುತ್ತಿದ್ದಳು. ಕಣ್ಣು ಮುಚ್ಚಿ ಮುಟ್ಟಿದರೂ ಇದು ಹಿಂದಿನ ಗಾಲಿಯ ನಟ್ಟು, ಇದು ಮುಂದಿನದು ಎಂದು ಹೇಳಬಲ್ಲಳು. ಆದರೆ ಸೀಟಿನ ಮೇಲೆ ಕೂತವರಿಗೆ ನೆಲ ಹೇಗೆ ಕಾಣುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

೧೯೮೮ರ ಸಂಕ್ರಾಂತಿ ಕಳೆದ ವಾರ ಟೂಲ್ ರೂಮಿನ ಫೋರ್‌ಮನ್ ಕಲ್ಯಾಣಪ್ಪ ಆ ಕಿಟಕಿಗೆ ಬಂದು ನಿಂತರು. ಭಾಲ್ಕಿ ಕಡೆಯವರು, ಐವತ್ತು ದಾಟಿದವರು. ಕಾರ್ಖಾನೆಯಲ್ಲಿ ಮೌಶಿಯ ಜೊತೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ.

"ಬಾಯಾರ, ನಿಮಗ ಸೈಕಲ್ ಬರತೈತೇನ್ರಿ?"

"ನಾ ಎಲ್ಲಿ ಕಲೀಲಿ, ಕಲ್ಯಾಣಪ್ಪನವರ?"

"ಒಟ್ಟ ಬರೂದಿಲ್ಲ?"

"ಒಟ್ಟ ಬರೂದಿಲ್ಲ. ಯಾಕ, ಕೆಲಸದಿಂದ ತಗೀತೀರೇನು?"

"ತಗಿಯೂದಲ್ರಿ. ಬರೂದಿಲ್ಲಂತನ ಹೊಸಾ ಕೆಲಸ ಕೊಡಾಕ ಬಂದೀನಿ."

ಹಿಂದೆ ಸಾಲಿನಲ್ಲಿ ನಿಂತಿದ್ದ ವೆಲ್ಡರ್ ಒಬ್ಬ, ಸರ್ಕಸ್ ತೆರೆಯುತ್ತೀರಾ ಎಂದು ನಕ್ಕ. "ಕ್ಯಾ ಚಾಚಾ, ಸರ್ಕಸ್ ಖೋಲ್ ರಹೇ ಕ್ಯಾ?"

ಕಾರ್ಖಾನೆ ಅಲ್ಲಿಯವರೆಗೆ ಮಾಡುತ್ತಿದ್ದುದು ಹಾಲಿನವರು, ಪೇಪರಿನವರು ಓಡಿಸುವ ಕರಿಯ ದೊಡ್ಡ ಸೈಕಲ್ಲು. ಈಗ ಬಿಎಂಎಕ್ಸ್ ಎಂಬ ಹೊಸ ನಮೂನೆಯದನ್ನು ಮಾಡಲು ಹೊರಟಿತ್ತು. ಇಪ್ಪತ್ತು ಇಂಚಿನ ಗಿಡ್ಡ ಗಾಲಿ, ಗಂಟು ಗಂಟಾದ ದಪ್ಪ ಟೈರು, ಎತ್ತರದ ಹ್ಯಾಂಡಲ್ಲು, ಅದರ ಅಡ್ಡಕಂಬಿಗೆ ಸುತ್ತಿದ ಸ್ಪಂಜು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ. ಪರದೇಶದ ಹುಡುಗರು ಇದರ ಮೇಲೆ ಕೂತು ದಿಬ್ಬ ಹಾರುತ್ತಾರಂತೆ. ಇಲ್ಲಿ ಅದನ್ನು ಮೊದಲ ಸಲ ಸೈಕಲ್ ಕಲಿಯುವವರಿಗಾಗಿ ಮಾರಬೇಕು ಎಂಬುದು ಮ್ಯಾನೇಜರ್ ರಾಘವುಲು ಅವರ ಯೋಚನೆ. ಹಾಗೆ ಹೇಳಿ ಮಾರಬೇಕಾದರೆ ನಿಜಕ್ಕೂ ಬಾರದವರೊಬ್ಬರು ಅದರ ಮೇಲೆ ಕಲಿತು ತೋರಿಸಬೇಕಲ್ಲ. ಆವರಣದೊಳಗೆ ಮಕ್ಕಳನ್ನು ಬಿಡುವಂತಿರಲಿಲ್ಲ. ಗಂಡಸರಿಗೆಲ್ಲ ಬರುತ್ತಿತ್ತು. ಪ್ಯಾಕಿಂಗಿನ ಹೆಂಗಸರೂ ಹಳ್ಳಿಯಲ್ಲಿ ಅಣ್ಣಂದಿರ ಸೈಕಲ್ ಕದ್ದು ಒಳಪೆಡಲು ಹೊಡೆದು ಕಲಿತವರೇ. ಉಳಿದವಳು ಮೌಶಿ. ಮೂವತ್ತಮೂರು ವಯಸ್ಸು, ನಾಲ್ಕಡಿ ಹತ್ತು ಇಂಚು, ನಲವತ್ತೆರಡು ಕಿಲೋ. ಹನ್ನೆರಡರ ಹುಡುಗಿಯ ಅಳತೆ.

ಕಲ್ಯಾಣಪ್ಪ ನಿಯಮ ಹೇಳಿದರು. ದಿನಾ ಮೂರು ಗಂಟೆಗೆ ಸ್ಟೋರಿನ ಕಿಟಕಿ ಮುಚ್ಚಬೇಕು. ಮೂರೂವರೆಯವರೆಗೆ ಪ್ಯಾಕಿಂಗ್ ಶೆಡ್ಡಿನ ಹಿಂದಿನ ಸಿಮೆಂಟ್ ಅಂಗಳದಲ್ಲಿ ಕಲಿಯಬೇಕು. ಅದಾದ ಮೇಲೆ ಒಂದು ಫಾರ್ಮು ತುಂಬಬೇಕು: ಸೀಟು ಹೇಗಿದೆ, ಬ್ರೇಕು ಹೇಗಿದೆ, ಎಷ್ಟು ಸಲ ಬಿದ್ದೆ, ಯಾಕೆ ಬಿದ್ದೆ. ಕಾಲು ಕೆಳಗಿಡದೆ ಇಡೀ ಆವರಣದ ಒಂದು ಸುತ್ತು ಹಾಕಿ, ಹೊರಟ ಸುಣ್ಣದ ಗೆರೆಯ ಮೇಲೆ ಬಂದು ನಿಂತ ದಿನ ಪರೀಕ್ಷೆ ಮುಗಿದಂತೆ.

"ಆಮ್ಯಾಲೆ?" ಎಂದಳು ಮೌಶಿ.

"ಆಮ್ಯಾಲೆ ಏನೈತ್ರಿ? ಸೈಕಲ್ ಬಂದವರು ನಮಗ್ಯಾಕ ಬೇಕು? ಅವರು ಭಾಳ ಮಂದಿ ಅದಾರ."

ಈ ಮಾತನ್ನು ಅವಳು ಆಗ ನಕ್ಕು ಮರೆತಳು.

ಮೌಶಿಯ ದಿನ ನಲ್ಲಿಯ ನೀರಿನಿಂದ ಶುರುವಾಗುತ್ತಿತ್ತು. ಕಾಚಿಗೂಡಾದ ಎರಡು ಕೋಣೆಯ ಮನೆ, ಅದರಲ್ಲಿ ಅತ್ತೆ ಕೃಷ್ಣಾಬಾಯಿ, ಗಂಡ ಜಯತೀರ್ಥ ಮತ್ತು ಅವಳು. ಮಕ್ಕಳಾಗಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತದೆ ಇರುವುದೇ ಮನೆಯ ನಡುವೆ ಇಟ್ಟ ದೊಡ್ಡ ಸಾಮಾನಿನಂತಿತ್ತು, ಎಲ್ಲರೂ ಅದನ್ನು ಸುತ್ತಿಕೊಂಡೇ ಓಡಾಡಬೇಕು. ಬೆಳಗಿನ ಅಡುಗೆ ಮಡಿಯಲ್ಲಿ. ಸಂಜೆ ಬಂದೊಡನೆ ಮತ್ತೆ ಸ್ನಾನ, ಮತ್ತೆ ಅಡುಗೆ. "ಬಸ್ಸಿನ ಮೈಲಿಗಿ ತೊಳಕೊಂಡ ಒಳಗ ಬಾ" ಎಂದು ಅತ್ತೆ ದಿನಾ ಹೇಳುತ್ತಿದ್ದರು. ಹೇಳದಿದ್ದರೂ ಅವಳು ಹೋಗುತ್ತಿದ್ದುದು ಬಚ್ಚಲಿಗೇ.

ಜಯತೀರ್ಥ ಕಾಕಾ ನೀರಾವರಿ ಇಲಾಖೆಯಲ್ಲಿ ಗುಮಾಸ್ತರು. ಒಳ್ಳೆಯವರು. ದಿನಾ ಸಂಜೆ ಆರೂ ಹತ್ತಕ್ಕೆ ಕೋಠಿಯ ಬಸ್ ಸ್ಟಾಪಿನಲ್ಲಿ ಕಾದು ನಿಲ್ಲುತ್ತಿದ್ದರು. ಇಬ್ಬರೂ ಸುಲ್ತಾನ್ ಬಜಾರಿನಲ್ಲಿ ಕೊತ್ತಂಬರಿ, ನಿಂಬೆಹಣ್ಣು ಕೊಂಡು ನಡೆದು ಮನೆಗೆ ಹೋಗುವರು. ಹೆಂಡತಿಗಾಗಿ ದಿನಾ ಬಂದು ಕಾಯುವ ಗಂಡ ಎಷ್ಟು ಮಂದಿಗೆ ಸಿಗುತ್ತಾನೆ ಎಂದು ನೆರೆಯವರು ಅನ್ನುತ್ತಿದ್ದರು. ಮೌಶಿಯೂ ಹೌದು ಅನ್ನುತ್ತಿದ್ದಳು. ಏಳು ವರ್ಷಗಳಲ್ಲಿ ಅವಳು ಆ ಸ್ಟಾಪಿನಿಂದ ಮನೆಗೆ ಒಮ್ಮೆಯೂ ಒಬ್ಬಳೇ ನಡೆದಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ. ಬೇಡವೆಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಸೈಕಲ್ಲಿನ ವಿಷಯವನ್ನು ಅವಳು ಮನೆಯಲ್ಲಿ ಹೇಳಲಿಲ್ಲ. ಸುಳ್ಳು ಹೇಳಬೇಕಾಗಿ ಬರಲಿಲ್ಲ, ಯಾರೂ ಕೇಳಲಿಲ್ಲ.

ತೊಂದರೆಯಾದದ್ದು ಸೀರೆಯಿಂದ. ಮೊದಲ ದಿನ ಆರು ವಾರಿಯ ಸೀರೆಯ ನಿರಿಗೆ ಚೈನಿನಲ್ಲಿ ಸಿಕ್ಕಿ, ಕಲ್ಯಾಣಪ್ಪ ಪೆಡಲನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಬಿಡಿಸಬೇಕಾಯಿತು. ಪ್ಯಾಂಟು ಹಾಕಿಕೊಳ್ಳಲು ಅವಳಿಗೆ ಧೈರ್ಯವಿರಲಿಲ್ಲ. ಆಗ ನೆನಪಾದದ್ದು ಕಚ್ಚೆ. ನಮ್ಮ ಮನೆಗಳಲ್ಲಿ ಹಬ್ಬಕ್ಕೆ, ಶ್ರಾದ್ಧಕ್ಕೆ, ಮಡಿ ಅಡುಗೆಗೆ ಹೆಂಗಸರು ಒಂಬತ್ತು ವಾರಿ ಸೀರೆಯನ್ನು ಕಾಲುಗಳ ನಡುವೆ ತೆಗೆದು ಹಿಂದೆ ಸಿಕ್ಕಿಸಿ ಕಚ್ಚೆ ಹಾಕುತ್ತಾರೆ. ಕೃಷ್ಣಾಬಾಯಿಯವರಂತೂ ದಿನಾ ಅದರಲ್ಲೇ ಇರುತ್ತಿದ್ದರು. ಅವರು ಕೌದಿ ಹೊಲಿಯಲು ಕಟ್ಟಿಟ್ಟ ಹಳೆಯ ಸೀರೆಗಳ ಗಂಟಿನಿಂದ ಮೌಶಿ ಹಸಿರು ಇಲಕಲ್ ಸೀರೆಯೊಂದನ್ನು ಎಳೆದು, ಊಟದ ಡಬ್ಬಿಯ ಚೀಲದ ತಳಕ್ಕೆ ಹಾಕಿಕೊಂಡು ಹೊರಟಳು. ದೇವರ ಮುಂದೆ ಉಡುವ ರೀತಿಯಲ್ಲೇ ಉಟ್ಟು ಸೈಕಲ್ ಹತ್ತಿದಳು. ಕಾಲು ಎರಡೂ ಸಲೀಸಾಗಿ ಆಡಿದವು.

ಅಂಗಳಕ್ಕೆ ಮೂರು ಕಡೆ ಗೋಡೆ, ಒಂದು ಕಡೆ ತಂತಿಯ ಸುರುಳಿಗಳ ಒಟ್ಟಿಲು. ಪಕ್ಕದ ಔಷಧಿ ಕಾರ್ಖಾನೆಯಿಂದ ಕೊಳೆತ ಹಣ್ಣಿನಂಥ ಸಿಹಿ ವಾಸನೆ ಸದಾ ಬರುತ್ತಿತ್ತು. ಮೊದಲ ಮೂರು ದಿನ ಅವಳು ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಪೆಡಲಿನ ಹಲ್ಲು ಮೊಳಕಾಲ ಕೆಳಗೆ ಕೆರೆದು ರಕ್ತ ಬಂತು. ಫಾರ್ಮನ್ನು ಮಾತ್ರ ಮುರುಕು ಇಂಗ್ಲಿಷಿನಲ್ಲಿ ಶ್ರದ್ಧೆಯಿಂದ ತುಂಬಿದಳು. ಬ್ರೇಕಿನ ಹಿಡಿ ದೂರವಿದೆ, ಸಣ್ಣ ಕೈಗೆ ಎಟುಕುವುದಿಲ್ಲ. ಬ್ರೇಕ್ ಹಿಡಿಯಲು ಹೋದರೆ ಹ್ಯಾಂಡಲ್ ಬಿಡಬೇಕು, ಅದಕ್ಕೇ ಬಿದ್ದೆ. ಸೀಟನ್ನು ಪೂರ್ತಿ ಇಳಿಸಿದಾಗ ಎರಡೂ ಪಾದ ನೆಲಕ್ಕೆ ತಾಗುತ್ತವೆ, ಇದು ಒಳ್ಳೆಯದು, ಭಯ ಅರ್ಧವಾಗುತ್ತದೆ. ಸೈಕಲ್ ಭಾರ, ಬಿದ್ದರೆ ಎತ್ತುವಾಗ ಸೊಂಟ ಹಿಡಿಯುತ್ತದೆ. ಟೈರು ದಪ್ಪವಿದೆ, ಮರಳಿನ ಮೇಲೂ ಜಾರುವುದಿಲ್ಲ. ಪೆಡಲಿನ ಹಲ್ಲು ಕಲಿಯುವವರಿಗೆ ಬೇಡ.

ನಾಲ್ಕನೆಯ ದಿನ ಹೋದಾಗ ಬ್ರೇಕಿನ ಹಿಡಿ ಬದಲಾಗಿತ್ತು. ಹೆಬ್ಬೆರಳಿನ ಅಗಲದಷ್ಟು ಹತ್ತಿರ ಬಂದಿತ್ತು. ಪೆಡಲುಗಳಿಗೆ ರಬ್ಬರ್ ಬಂದಿತ್ತು.

"ಇದು ಯಾರು ಮಾಡಿದ್ದು?" ಎಂದಳು.

"ನೀವ ಫಾರ್ಮಿನ್ಯಾಗ ಬರದಿದ್ರಲ್ರಿ" ಎಂದರು ಕಲ್ಯಾಣಪ್ಪ.

ಅವಳು ಹಿಡಿಯನ್ನು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ತಾನು ಹೇಳಿದ್ದಕ್ಕೆ ಜಗತ್ತಿನಲ್ಲಿ ಒಂದು ವಸ್ತು ಇದ್ದಲ್ಲಿಂದ ಸರಿದಿದೆ ಎಂಬುದು ಅವಳಿಗೆ ಹೊಸದು. ಮನೆಯಲ್ಲಿ ಸಾಸಿವೆ ಡಬ್ಬಿ ಯಾವ ಗೂಡಿನಲ್ಲಿರಬೇಕೆಂಬುದು ಅವಳು ಬರುವ ಇಪ್ಪತ್ತು ವರ್ಷ ಮೊದಲೇ ತೀರ್ಮಾನವಾಗಿತ್ತು.

ಆರನೆಯ ದಿನ ಕಲ್ಯಾಣಪ್ಪ ಫೋನು ಬಂತೆಂದು ಒಳಗೆ ಹೋದರು. ಮೌಶಿ ಒಬ್ಬಳೇ ಸೈಕಲ್ ಹತ್ತಿ ಬಲಗಾಲು ಒತ್ತಿದಳು, ಎಡಗಾಲು ಎತ್ತಿದಳು. ಮುಂದಿನ ಗಾಲಿ ಒಮ್ಮೆ ಅಲುಗಿ ತಾನೇ ನೆಟ್ಟಗಾಯಿತು. ಸುರುಳಿಗಳ ಒಟ್ಟಿಲು ಹಿಂದೆ ಹೋಯಿತು. ಗೋಡೆ ಎದುರು ಬಂತು, ಅವಳು ತಿರುಗಿಸಿದಳು, ಗೋಡೆ ಪಕ್ಕಕ್ಕೆ ಸರಿಯಿತು. ಎರಡು ಸುತ್ತು ಹಾಕಿದಳು. ಕಿವಿಯ ಹತ್ತಿರ ಗಾಳಿಗೆ ಸದ್ದಿತ್ತು. ಬಸ್ಸಿನ ಕಿಟಕಿಯ ಗಾಳಿ ಬೇರೆ. ಅದು ಬಸ್ಸು ಹೋದ ಕಡೆಯಿಂದ ಬರುತ್ತದೆ. ಈ ಗಾಳಿ ಅವಳು ಹೋದ ಕಡೆಯಿಂದ ಬಂತು.

ಮೂರನೆಯ ಸುತ್ತಿನಲ್ಲಿ ಕಲ್ಯಾಣಪ್ಪನವರ ಚಪ್ಪಲಿಯ ಸದ್ದು ಕೇಳಿತು. ಆಗ ಅವಳಿಗೆ ನೆನಪಾಯಿತು: ಸೈಕಲ್ ಬಂದವರು ಯಾರಿಗೂ ಬೇಡ. ನಾಳೆ ಮೂರು ಗಂಟೆಗೆ ಕಿಟಕಿ ಮುಚ್ಚುವುದಿಲ್ಲ. ಈ ಅಂಗಳ ಇಲ್ಲ, ಈ ಅರ್ಧ ಗಂಟೆ ಇಲ್ಲ. ದಿನದಲ್ಲಿ ಯಾರೂ ಅವಳಿಂದ ಏನನ್ನೂ ಕೇಳದ ಅರ್ಧ ಗಂಟೆ ಅದೊಂದೇ.

ಅವಳು ಬ್ರೇಕ್ ಹಿಡಿದು, ಕಾಲು ಕೆಳಗಿಟ್ಟು, ಸೈಕಲ್ಲನ್ನು ನೆಲಕ್ಕೆ ಬಿಟ್ಟು, ಪಕ್ಕದಲ್ಲಿ ಕೂತುಬಿಟ್ಟಳು.

"ಮತ್ತ ಬಿದ್ರೇನು?" ಎಂದು ಕಲ್ಯಾಣಪ್ಪ ಓಡಿ ಬಂದರು.

"ಬಿದ್ದೆ."

ಫಾರ್ಮಿನಲ್ಲಿ ಬರೆದಳು: ಇನ್ನೂ ಬಂದಿಲ್ಲ.

ಮರುದಿನವೂ ಅದನ್ನೇ ಬರೆದಳು. ಕಲ್ಯಾಣಪ್ಪ ನೋಡುತ್ತಿರುವಾಗ ಹತ್ತು ಹೆಜ್ಜೆ ಹೋಗಿ ವಾಲುವಳು. ಅವರು ಬೀಡಿ ಸೇದಲು ಆಚೆ ಹೋದಾಗ, ಯಾರೋ ಕರೆದರೆಂದು ಟೂಲ್ ರೂಮಿಗೆ ಹೋದಾಗ, ಸುತ್ತು ಹಾಕುವಳು. ಕೆಲವು ದಿನ ಐದು ನಿಮಿಷ, ಕೆಲವು ದಿನ ಹದಿನೈದು. ಬೀಳುವುದನ್ನು ಅವಳು ಸವಾರಿಗಿಂತ ಹೆಚ್ಚು ಅಭ್ಯಾಸ ಮಾಡಬೇಕಾಯಿತು. ಹೀಗೆ ಎರಡು ವಾರ ಕಳೆಯಿತು, ಮೂರನೆಯದು ಬಂತು.

ಇಪ್ಪತ್ತಮೂರನೆಯ ದಿನ ಕಲ್ಯಾಣಪ್ಪ ಬೀಡಿ ಹೊತ್ತಿಸಲಿಲ್ಲ, ಆಚೆಗೂ ಹೋಗಲಿಲ್ಲ. ತಂತಿಯ ಸುರುಳಿಯೊಂದರ ಮೇಲೆ ಕೂತರು.

"ಬಾಯಾರ, ಒಂದ ಮಾತ ಹೇಳಲೇನ್ರಿ? ಬ್ಯಾಸರ ಮಾಡ್ಕೋಬ್ಯಾಡ್ರಿ."

"ಹೇಳ್ರಿ."

"ಬೀಳೋರು ಮೊದಲ ಕೈ ಮುಂದ ಮಾಡತಾರ. ನೀವು ಮೊದಲ ಸೈಕಲ್ ಮಲಗಸ್ತೀರಿ, ಆಮ್ಯಾಲೆ ಸೀರಿ ಸರಿ ಮಾಡ್ಕೊಂಡು ಬಾಜೂಕ ಕೂಡತೀರಿ."

ಮೌಶಿಯ ಮುಖ ಬಿಸಿಯಾಯಿತು.

"ಯಾಕಂತ ನಾ ಕೇಳೂದಿಲ್ರಿ. ನಮ್ಮನ್ಯಾಗೂ ಹೆಣಮಕ್ಕಳ ಅದಾರ. ಖರೇ ಹೇಳ್ಬೇಕಂದ್ರ, ಇನ್ನೂ ಒಂದ ತಿಂಗಳ ಬೀಳ್ರಿ ಅಂತಿದ್ದೆ. ಆದರ ಈ ಫೋರ್ಕು ನಂದೈತ್ರಿ."

ಅವರು ಮುಂದಿನ ಗಾಲಿಯನ್ನು ಹಿಡಿದ ಎರಡು ಕೊಳವೆಗಳ ಮೇಲೆ ಕೈಯಿಟ್ಟರು. ಪರದೇಶದ ನಕ್ಷೆಯಲ್ಲಿ ಆ ಫೋರ್ಕು ಇನ್ನೂ ಮುಂದಕ್ಕೆ ಬಾಗಿತ್ತಂತೆ. ಹಾರುವ ಹುಡುಗರಿಗೆ ಗಾಲಿ ಚಟ್ಟನೆ ತಿರುಗಬೇಕು, ಸರಿ. ಕಲಿಯುವವರಿಗೆ ಅದು ತಾನೇ ನೆಟ್ಟಗಾಗಬೇಕು ಎಂದು ವಾದಿಸಿ ಬಾಗನ್ನು ಕಡಿಮೆ ಮಾಡಿದ್ದು ಕಲ್ಯಾಣಪ್ಪ. ಅದಕ್ಕೆ ಬೇಕಾದ ಅಚ್ಚನ್ನೂ ಅವರೇ ಕಡೆದಿದ್ದರು. ಐದುನೂರು ಫೋರ್ಕು ಬಾಗಿಸಿ ಇಟ್ಟಾಗಿತ್ತು. ಈಗ ರಾಘವುಲು ಅವರು ಫಾರ್ಮುಗಳನ್ನೆಲ್ಲ ಮೇಜಿನ ಮೇಲೆ ಹರಡಿ, ತಿಂಗಳಾದರೂ ಒಬ್ಬ ಹೆಂಗಸಿಗೆ ಬರಲಿಲ್ಲವೆಂದರೆ ತಪ್ಪು ಫೋರ್ಕಿನದೇ ಎಂದಿದ್ದರು. ಶನಿವಾರ ಕೊನೆಯ ಪರೀಕ್ಷೆ. ಅಂಗಡಿಯವರು ಇಬ್ಬರು ನೋಡಲು ಬರುತ್ತಾರೆ. ಅವತ್ತೂ ಬಿದ್ದರೆ ಐದುನೂರು ಫೋರ್ಕು ಗುಜರಿಗೆ, ಕಲ್ಯಾಣಪ್ಪ ಪ್ಯಾಕಿಂಗಿಗೆ.

"ಇಪ್ಪತ್ತೆರಡ ವರ್ಷ ಟೂಲ್ ರೂಮಿನ್ಯಾಗ ಅದೀನ್ರಿ. ಈ ವಯಸ್ಸಿನ್ಯಾಗ ರಟ್ಟಿನ ಖೋಕಾದ ಮ್ಯಾಲೆ ಹಗ್ಗ ಕಟ್ಟೂದಂದ್ರ..." ಎಂದು ನಿಲ್ಲಿಸಿದರು. "ನೀವು ವಿಚಾರ ಮಾಡ್ರಿ" ಎಂದು ಎದ್ದು ಹೋದರು. ಆಚೆ ಹೋಗಿ ಬೆನ್ನು ಮಾಡಿ ನಿಂತು, ಅವಳಿಗೆ ಸುತ್ತು ಹಾಕಲು ಅವಕಾಶ ಮಾಡಿಕೊಟ್ಟರು. ಅವತ್ತು ಅವಳು ಹಾಕಲಿಲ್ಲ.

ಹಸಿರು ಸೀರೆಯಿಂದ ಬೆವರಿನ ವಾಸನೆ ಬರುತ್ತಿತ್ತು. ಸಂಜೆ ಅದನ್ನು ಮನೆಗೆ ತಂದಳು, ಒಗೆಯುವ ಬಟ್ಟೆಯ ನಡುವೆ ತುರುಕಿದಳು. ಮರುದಿನ ಶುಕ್ರವಾರ ಬೆಳಗ್ಗೆ ಕೃಷ್ಣಾಬಾಯಿ ಅದನ್ನು ಬಚ್ಚಲಿನಿಂದ ಎತ್ತಿ ಹಿಡಿದು ಅಡುಗೆಮನೆಯ ಹೊಸ್ತಿಲಿಗೆ ಬಂದರು.

"ಕೌದಿಗಿಟ್ಟ ಸೀರಿ ಇದು. ಇದಕ್ಕ ಕರೀ ಎಣ್ಣಿ ಎಲ್ಲಿಂದ ಬಂತು?"

ಮೌಶಿ ಒಲೆಯ ಮುಂದೆ ಇದ್ದಳು. ಸುಳ್ಳು ಹುಡುಕುವಷ್ಟು ತ್ರಾಣವಿರಲಿಲ್ಲ. "ಸೈಕಲ್ಲಿನ ಚೈನಿಂದರಿ, ಅತ್ಯಾ" ಎಂದಳು.

"ಯಾರ ಸೈಕಲ್?"

"ಕಾರ್ಖಾನಿದು. ನಾನೇ ಹೊಡದೆ. ಕಚ್ಚಿ ಹಾಕಿ."

ಹೊರಗಿನ ಕೋಣೆಯಲ್ಲಿ ಪೇಪರು ಮಡಚಿದ ಸದ್ದಾಯಿತು. ಕೃಷ್ಣಾಬಾಯಿ ಸೀರೆಯ ಕಲೆಯನ್ನು ಬೆರಳಿನಿಂದ ಉಜ್ಜಿ ನೋಡಿದರು.

"ಕಚ್ಚಿ ಹಾಕಿ ಸೈಕಲ್ ಹೊಡೀತಾಳಂತ, ಕೇಳಿದ್ಯೇನೋ ಜಯತೀರ್ಥ. ನಮ್ಮತ್ತಿ ಇದ್ದಿದ್ರ ಬಾವಿಗೆ ಹಾರ್ತಿದ್ಲು." ಅವರ ದನಿಯಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು. "ಬರ್ತದೇನು?"

"ಬರ್ತದರಿ."

"ಕ್ಯಾರಿಯರ್ ಅದ ಏನು ಅದಕ್ಕ?"

"ಇಲ್ರಿ."

"ಮತ್ತ ಸಾಮಾನ ಎಲ್ಲಿ ಇಡೋದು? ಎಂಥ ಸೈಕಲ್ಲೋ ಏನೋ." ಅವರು ಸೀರೆಯನ್ನು ಮತ್ತೆ ಬಕೆಟ್ಟಿಗೆ ಹಾಕಿದರು. "ಬಂತಲ್ಲಾ, ಆತು. ಇನ್ನ ಅದರ ಕೆಲಸೇನದ? ಕಲತ ಮ್ಯಾಲೆ ಎಲ್ಲಿಗೆ ಹೋಗಾಕಿ ನೀ?"

ಬೈದಿದ್ದರೆ ಸಹಿಸಬಹುದಿತ್ತು. ಅದು ಬೈಗುಳವಲ್ಲ, ನಿಜವಾದ ಪ್ರಶ್ನೆ. ಮೌಶಿ ಬೇಳೆ ತಿರುವುತ್ತ ಉತ್ತರ ಹುಡುಕಿದಳು. ಕಾಚಿಗೂಡಾದಿಂದ ಕೋಠಿ, ಕೋಠಿಯಿಂದ ಜೀಡಿಮೆಟ್ಲಾ, ಮತ್ತೆ ವಾಪಸು. ಅವಳಿಗೆ ಗೊತ್ತಿದ್ದ ಊರು ಅಷ್ಟೇ.

ಕಾಕಾ ಬಾಗಿಲಿಗೆ ಬಂದು ನಿಂತರು. ಮುಖದಲ್ಲಿ ನೋವಿತ್ತು. "ನನಗ ಹೇಳಬೇಕಿಲ್ಲೇನು? ನಾನ ಕಲಸ್ತಿದ್ದೆ."

"ಯಾವಾಗ?" ಎಂದಳು ಅವಳು. ಚುಚ್ಚಬೇಕೆಂದು ಕೇಳಿದ್ದಲ್ಲ.

ಅವರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. "ಹೆಂಗೂ ಬಸ್ಸು ಅದ ಅಲ್ಲಾ" ಎಂದು ಸ್ನಾನಕ್ಕೆ ಹೋದರು. ಅವತ್ತು ಸಂಜೆ ಸ್ಟಾಪಿಗೆ ಹತ್ತು ನಿಮಿಷ ಮೊದಲೇ ಬಂದು ಕಾದಿದ್ದರು.

ಶನಿವಾರ ಹಸಿರು ಸೀರೆ ಒಣಗಿತ್ತು. ಕಲೆ ಹೋಗಿರಲಿಲ್ಲ. ಮೂರು ಗಂಟೆಗೆ ರಾಘವುಲು ಅವರು ಕುರ್ಚಿ ಹಾಕಿಸಿಕೊಂಡು ಆಫೀಸಿನ ಮುಂದೆ ಕೂತಿದ್ದರು. ಪಕ್ಕದಲ್ಲಿ ಇಬ್ಬರು ಅಂಗಡಿಯವರು, ಒಬ್ಬರು ಹಿಮಾಯತ್‌ನಗರದವರು, ಇನ್ನೊಬ್ಬರು ಸಿಕಂದರಾಬಾದಿನವರು. ಹಿಂದೆ ಕಲ್ಯಾಣಪ್ಪ ಕೈಕಟ್ಟಿ ನಿಂತಿದ್ದರು, ಸೈಕಲ್ಲನ್ನು ನೋಡುತ್ತಿದ್ದರು, ಅವಳನ್ನಲ್ಲ. ಶೆಡ್ಡುಗಳ ಬಾಗಿಲಲ್ಲಿ ಕೆಲಸದವರು ಗುಂಪಾಗಿದ್ದರು.

"ಪಡಿಪೋತಾವಾ ಅಮ್ಮಾ?" ಎಂದರು ಮ್ಯಾನೇಜರ್. ಬೀಳುತ್ತೀಯಾ ಎಂದು ನಗುತ್ತಲೇ ಕೇಳಿದರು.

ಮೌಶಿ ಸೈಕಲ್ ಹತ್ತಿದಳು. ಸುಣ್ಣದ ಗೆರೆಯಿಂದ ಹೊರಟಳು. ಯಾರೋ ಸಿಳ್ಳೆ ಹಾಕಿದರು. ಫೋರ್ಕು ಹೇಳಿದಂತೆ ಕೇಳಿತು. ಟೂಲ್ ರೂಮು ಬಂತು, ಹೋಯಿತು. ಬಣ್ಣದ ಶೆಡ್ಡು, ಕ್ಯಾಂಟೀನು, ನೀರಿನ ಟ್ಯಾಂಕು. ಇಷ್ಟು ದಿನ ಹಿಂದಿನ ಅಂಗಳದಲ್ಲೇ ಸುತ್ತಿದವಳಿಗೆ ಆವರಣ ದೊಡ್ಡದೆನಿಸಿತು. ಟ್ಯಾಂಕಿನ ಆಚೆ ತಿರುಗಿದಾಗ ಮುಂದಿನ ಗೇಟು ತೆರೆದಿತ್ತು. ಕಬ್ಬಿಣದ ಲಾರಿಯೊಂದು ಒಳಗೆ ಬಂದು ಆಗ ತಾನೇ ಪಕ್ಕಕ್ಕೆ ಸರಿದಿತ್ತು. ಗೇಟಿನ ಆಚೆ ರಸ್ತೆ, ಧೂಳು, ಒಂದು ಚಹದಂಗಡಿ, ಎಮ್ಮೆ. ವಾಚ್‌ಮನ್ ಅವಳನ್ನು ಕಂಡು, ಇದೂ ಪರೀಕ್ಷೆಯ ಭಾಗವೇ ಇರಬೇಕೆಂದು ಪಕ್ಕಕ್ಕೆ ನಿಂತು ದಾರಿ ಬಿಟ್ಟ.

ಅವಳು ಪೆಡಲು ನಿಲ್ಲಿಸಿದಳು. ಗಾಲಿ ತಾನಾಗಿ ಉರುಳುತ್ತಿತ್ತು. ಹೋಗಬಹುದಿತ್ತು. ಅಲ್ಲಿಂದ ಎಡಕ್ಕೋ ಬಲಕ್ಕೋ ಎಂದು ಅವಳಿಗೆ ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ಕೈ ಹ್ಯಾಂಡಲ್ಲನ್ನು ಒಳಗಿನ ದಾರಿಗೆ ತಿರುಗಿಸಿಯಾಗಿತ್ತು. ಆಮೇಲೆ ಅದನ್ನು ಹೇಳುವಾಗ ಮೌಶಿ, "ನಾ ತಿರುಗಸಲಿಲ್ಲ, ಕೈ ತಿರುಗಿಸ್ತು" ಎಂದೇ ಹೇಳುತ್ತಿದ್ದಳು.

ಗೆರೆಯ ಮೇಲೆ ನಿಂತಳು. ಚಪ್ಪಾಳೆ ಬಿತ್ತು. ಅಂಗಡಿಯವರು ಬಗ್ಗಿ ಫೋರ್ಕನ್ನು ನೋಡಿದರು. ರಾಘವುಲು ಅವರು ಕೊನೆಯ ಫಾರ್ಮು ಮುಂದಿಟ್ಟು, ಕಲಿಯಲು ಎಷ್ಟು ದಿನ ಹಿಡಿಯಿತು ಎಂಬ ಕಡೆ ಬೆರಳಿಟ್ಟರು. ಇಪ್ಪತ್ತೈದು ಎಂದು ಬರೆದರೆ ಅವಳ ಮಾನ ಉಳಿಯುತ್ತಿತ್ತು. ಇಪ್ಪತ್ತೈದು ದಿನ ಹಿಡಿಯುವ ಸೈಕಲ್ಲನ್ನು ಯಾವ ಅಂಗಡಿಯವನೂ ಕೊಳ್ಳುವುದಿಲ್ಲ, ಅದೂ ಅವಳಿಗೆ ಗೊತ್ತಿತ್ತು. ಆರು ಎಂದು ಬರೆದಳು.

"ಆರಾ? ಹಾಗಾದರೆ ಈ ಹತ್ತೊಂಬತ್ತು ಫಾರ್ಮು ಏನು?" ಎಂದು ಮ್ಯಾನೇಜರ್ ತೆಲುಗಿನಲ್ಲಿ ಕೇಳಿದರು. ನಗು ಹೋಗಿತ್ತು.

"ಬೀಳುತ್ತಿದ್ದೆ ಸರ್."

"ಬೇಕಂತಲೇ?"

"ಹೌದು."

"ಯಾಕೆ?"

ಮೌಶಿಗೆ ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಹಿಂದಿ, ಕಾರ್ಖಾನೆಯಲ್ಲಿ ತೆಲುಗು ಬರುತ್ತಿತ್ತು. ಮೂರರಲ್ಲೂ ಅದಕ್ಕೆ ಮಾತು ಸಿಗಲಿಲ್ಲ. ಆಗ ಕಲ್ಯಾಣಪ್ಪ ಮುಂದೆ ಬಂದು ಹಿಂದಿಯಲ್ಲಿ ಹೇಳಿದರು: ಸಾಬ್, ನಾನೇ ಬೀಳಲು ಹೇಳಿದ್ದೆ. ಕಲಿಯುವವರು ಬೀಳುತ್ತಾರೆ, ಸೈಕಲ್ ತಾಳಬೇಕಲ್ಲ. ನೂರು ಸಲ ಕೆಡವಿ ನೋಡಿದ್ದೇವೆ. ಹ್ಯಾಂಡಲ್ ಬಾಗಿಲ್ಲ, ಪೆಡಲು ಮುರಿದಿಲ್ಲ, ಫೋರ್ಕಿಗೆ ಏನೂ ಆಗಿಲ್ಲ. ಬೇಕಾದರೆ ಅಳತೆ ಹಿಡಿಸಿ.

ಅಳತೆ ಹಿಡಿದರು. ನಿಜವಾಗಿಯೂ ಎಲ್ಲ ನೆಟ್ಟಗಿತ್ತು. ರಾಘವುಲು ಅವರ ಮುಖ ಅರಳಿತು. ಇಷ್ಟು ಒಳ್ಳೆಯ ಪರೀಕ್ಷೆ ಮಾಡಿದ್ದನ್ನು ಮೊದಲೇ ಹೇಳಬಾರದಿತ್ತೇ ಎಂದರು. ಹತ್ತೊಂಬತ್ತು ಫಾರ್ಮುಗಳನ್ನು ಬೇರೆ ಮಾಡಿ ಪಿನ್ ಹಾಕಿ, ಮೇಲೆ ಕೆಂಪು ಮಸಿಯಲ್ಲಿ 'ಬೀಳುವ ಪರೀಕ್ಷೆ' ಎಂದು ಇಂಗ್ಲಿಷಿನಲ್ಲಿ ಬರೆದರು. ಮೌಶಿಯಿಂದ ಅದರ ಕೆಳಗೊಂದು ಸಹಿ ತೆಗೆದುಕೊಂಡರು.

ಅವಳು ಸಹಿ ಮಾಡಿದಳು. ಕಲ್ಯಾಣಪ್ಪ ಅವಳನ್ನು ಉಳಿಸಿದ್ದರು, ಅದು ಅವಳಿಗೆ ಗೊತ್ತಿತ್ತು. ಆದರೆ ಕದ್ದು ಇಟ್ಟುಕೊಂಡಿದ್ದ ಆ ಹತ್ತೊಂಬತ್ತು ಮಧ್ಯಾಹ್ನಗಳೂ ಕಾರ್ಖಾನೆಯ ಕೆಲಸದ ದಿನಗಳಾಗಿ ಕಾರ್ಖಾನೆಯ ಫೈಲಿನೊಳಗೆ ಹೋದವು.

ಸೋಮವಾರ ಮೂರು ಗಂಟೆಗೆ ಸ್ಟೋರಿನ ಮುಂದೆ ಸಾಲು ಉದ್ದವಾಗಿತ್ತು. ಹೊಸ ಸೈಕಲ್ಲಿನ ಕೆಲಸ ಜೋರಾಗಿ ಶುರುವಾಗಿತ್ತು, ಎಲ್ಲರಿಗೂ ಎಲ್ಲವೂ ಬೇಕಾಗಿತ್ತು. ಸಾಲಿನ ನಡುವಿದ್ದ ಕಲ್ಯಾಣಪ್ಪ ತಮ್ಮ ಸರದಿ ಬರುವವರೆಗೆ ಕಾದರು.

"ಐದನೂರೂ ಫೋರ್ಕು ಪಾಸಾದ್ವು, ಬಾಯಾರ."

"ಛಲೋ ಆತ್ರಿ."

"ಆರು ಅಂತ ನೀವು ಹೇಳಬಾರದಿತ್ತು. ಹತ್ತು ಅಂದಿದ್ರೂ ನಡೀತಿತ್ತು."

"ಆರಕ್ಕ ಬಂದಿತ್ತಲ್ಲಾ."

ಅವರು ಇನ್ನೇನೋ ಹೇಳುವವರಂತೆ ನಿಂತರು. ಹಿಂದೆ ಪೇಂಟರ್ ಒಬ್ಬ, "ಚಾಚಾ, ಹಮೇಂ ಭೀ ಲೇನಾ ಹೈ" ಎಂದು ತನ್ನ ಚೀಟಿ ತೋರಿಸಿದ. ಕಲ್ಯಾಣಪ್ಪ ಚೀಟಿಯನ್ನು ಒಳಗೆ ಸರಿಸಿದರು. ಹ್ಯಾಂಡಲ್ಲಿನ ಬೋಲ್ಟು, ಇನ್ನೂರು. ಮೌಶಿ ಒಳಗೆ ಹೋಗಿ ಟ್ರೇ ಎಳೆದಳು, ಬೋಲ್ಟುಗಳನ್ನು ತಕ್ಕಡಿಗೆ ಸುರಿದಳು, ತೂಗಿ ತಂದು ಕೊಟ್ಟಳು. ಅವರು ಹೋದರು, ಪೇಂಟರ್ ಮುಂದೆ ಬಂದ.

ಗೋಡೆಯ ಗಡಿಯಾರದಲ್ಲಿ ಮೂರೂವರೆಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.